ಕಿಟಕಿ ಸೀಟಿನ ಬೈರಾಸು

ಅವರು ಕುಳಿತದ್ದನ್ನು ನಾನು ನೋಡಿದ್ದೇ ಇಲ್ಲ. ಶಿರೂರಿನಿಂದ ಬ್ರಹ್ಮಾವರಕ್ಕೆ ಓಡುವ ಒಂದು ಖಾಸಗಿ ಬಸ್ಸಿನಲ್ಲಿ ಅವರು ಕಂಡಕ್ಟರ್. ಬಸ್ಸಿನಲ್ಲಿ ನಿಂತಿರುವುದು ಸಹಜ, ಅದು ಕೆಲಸ. ಆದರೆ ಕೆಲಸ ಬಿಟ್ಟ ಮೇಲೂ ಅವರು ನಿಂತೇ ಇದ್ದರು. ಸಾಸ್ತಾನದಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ನಿಲ್ಲುವರು. ಕಾಲು ಸ್ವಲ್ಪ ಅಗಲ, ಎಡಗೈ ತಲೆಯ ಮೇಲಿನ ಕಪಾಟಿನ ಅಂಚಿನಲ್ಲಿ, ಬಲಗೈ ಮೌಸಿನ ಮೇಲೆ. ಅಂಗಡಿ ಯಾವಾಗ ಬೇಕಾದರೂ ಬ್ರೇಕ್ ಹಾಕಬಹುದು ಎನ್ನುವ ಹಾಗೆ.

"ಕುರ್ಚಿ ಇತ್ತಲೆ ಕಂಡಕ್ಟ್ರಣ್ಣ, ಕೂಕಣಿ" ಎಂದರೆ, "ಕೂತ್ರೆ ನಿದ್ರೆ ಬತ್ತ್ ಹೆಣ್ಣೆ" ಎನ್ನುತ್ತಿದ್ದರು.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ದಾರಿಯ ಅರ್ಧ ಜನಕ್ಕೆ ಯಾರೆಂದು ತಿಳಿಯಲಿಕ್ಕಿಲ್ಲ. ಕಂಡಕ್ಟ್ರು ಎಂದರೆ ಎಲ್ಲರಿಗೂ ತಿಳಿಯುತ್ತದೆ.

ನಾನು ಅಂಗಡಿ ತೆರೆದ ದಿನದಿಂದ ಅವರನ್ನು ಬಲ್ಲೆ. ಕುಂದಾಪುರದಿಂದ ಕಾಗದದ ಕಟ್ಟು, ಒಂದು ಸಣ್ಣ ಪ್ರಿಂಟರ್, ಗೋಡೆಗೆ ಹಾಕಲು ದೇವರ ಪಟ ಎಲ್ಲ ಹೊತ್ತುಕೊಂಡು ಅವರ ಬಸ್ಸು ಹತ್ತಿದ್ದೆ. ಸಾಸ್ತಾನದ ನಿಲ್ದಾಣದಿಂದ ಅಂಗಡಿಗೆ ಸ್ವಲ್ಪ ನಡೆಯಬೇಕು. ಇಷ್ಟು ಸಾಮಾನು ಹ್ಯಾಗೆ ಒಯ್ಯುವುದು ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಅವರು ಏನನ್ನೂ ಕೇಳಲಿಲ್ಲ. ಪಟ ನೋಡಿದರು, ಪ್ರಿಂಟರ್ ನೋಡಿದರು. ಆಮೇಲೆ ನಿಲ್ದಾಣವೇ ಅಲ್ಲದ ಜಾಗದಲ್ಲಿ, ಸರಿಯಾಗಿ ನನ್ನ ಅಂಗಡಿಯ ಮೆಟ್ಟಿಲ ಎದುರು, ಬಸ್ಸಿನ ಮೈಗೆ ಎರಡು ಸಲ ಬಡಿದು ನಿಲ್ಲಿಸಿದರು. ಮರುದಿನದಿಂದ ಆ ಬಸ್ಸಿಗೆ ಒಂದು ಹೊಸ ನಿಲ್ದಾಣ ಆಯಿತು. "ಜೆರಾಕ್ಸ್, ಜೆರಾಕ್ಸ್! ಜೆರಾಕ್ಸ್ ಇಳಿವರ್ ಬನಿ!" ಎಂದು ಕೂಗುತ್ತಿದ್ದರು. ಯಾರೂ ಇಳಿಯದ ದಿನವೂ ಕೂಗುತ್ತಿದ್ದರು. ಅಂಗಡಿಗೆ ಬೋರ್ಡ್ ಬರೆಸುವ ಮೊದಲೇ ನನಗೆ ಗಿರಾಕಿಗಳು ಬಂದದ್ದು ಹೀಗೆ.

ಅವರ ಬಸ್ಸಿನಲ್ಲಿ ಒಂದು ಕಾನೂನು ಇತ್ತು. ನಮ್ಮ ಕಡೆ ಬಸ್ಸು ನಿಂತ ಕೂಡಲೇ ಕಿಟಕಿಯಿಂದ ಕೈ ಹಾಕಿ ಸೀಟಿನ ಮೇಲೆ ಬೈರಾಸು ಎನ್ನುವ ಹೆಗಲ ಟವೆಲನ್ನೋ ಕರವಸ್ತ್ರವನ್ನೋ ಬಿಸಾಡಿ ಜಾಗ ಹಿಡಿಯುತ್ತಾರಷ್ಟೆ. ಬೈರಾಸು ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ಅದನ್ನು ಅವರೂ ಒಪ್ಪುತ್ತಿದ್ದರು. ಆದರೆ ಬಸ್ಸು ಹೊರಡುವ ತನಕ ಮಾತ್ರ. ಒಮ್ಮೆ ಕುಂದಾಪುರದಲ್ಲಿ ದಪ್ಪ ಚಿನ್ನದ ಸರದ ಒಬ್ಬರು ಬೈರಾಸು ಹಾಕಿ ಚಾ ಕುಡಿಯಲು ಹೋದರು. ಬಸ್ಸು ಹೊರಟಿತು. ತುಂಬು ಬಸುರಿ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಇವರು ಬೈರಾಸನ್ನು ಎತ್ತಿ, ಅಂಗಡಿಯವರು ಸೀರೆ ಮಡಚುವಷ್ಟು ಚೆಂದ ಮಡಚಿ, ಬಗಲಲ್ಲಿಟ್ಟುಕೊಂಡು ಅವಳನ್ನು ಕೂರಿಸಿದರು. ಸರದವರು ಏದುಸಿರು ಬಿಡುತ್ತ ಓಡಿ ಬಂದು ಹಿಂದಿನ ಬಾಗಿಲಿಗೆ ಹತ್ತಿದರು.

"ಹ್ವಾಯ್, ಅದ್ ನನ್ ಸೀಟ್!"

"ನಿಮ್ದ್ ಬೈರಾಸ್. ತಕಣಿ, ಮಡ್ಚಿ ಇಟ್ಟಿದೆ. ಬಸ್ ಹೊರಟ ಮೇಲೆ ಬೈರಾಸಿಗೆ ಸೀಟ್ ಇಲ್ಲೆ, ಜನಕ್ಕೆ ಸೀಟ್."

ಬಸ್ಸಿಡೀ ನಕ್ಕಿತು. ಕೊನೆಗೆ ಸರದವರೂ ನಕ್ಕರು. ಕಂಡಕ್ಟ್ರು ಬೈದರೂ ಯಾರಿಗೂ ಅವಮಾನ ಆಗುತ್ತಿರಲಿಲ್ಲ. ಅದು ಹ್ಯಾಗೆ ಎಂದು ನನಗೆ ಈಗಲೂ ಗೊತ್ತಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟರು. ಅವರ ಮನೆ ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ. ಬೆಳಿಗ್ಗೆ ಗೇಟಿನಲ್ಲಿ ನಿಂತು ಹೋಗುವ ಬರುವ ಬಸ್ಸುಗಳಿಗೆ ಕೈ ಎತ್ತುವರು, ಮಧ್ಯಾಹ್ನ ನನ್ನ ಅಂಗಡಿಗೆ ಬರುವರು. ಅಲ್ಲಿ ಅವರಿಗೆ ಆಟ ಸಿಕ್ಕಿತು.

ಆಟ ನನ್ನ ತಮ್ಮ ಪ್ರಕಾಶನದು. ಅವನು ಮುಂಬಯಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಇದ್ದಾನೆ. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವನು ಮತ್ತು ಊರ ಕಡೆಯ ಕೆಲವರು ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ ಆಡುತ್ತಾರೆ. ಒಬ್ಬರು ಡ್ರೈವರ್, ಉಳಿದವರು ಪ್ರಯಾಣಿಕರು. ಎಲ್ಲರೂ ಒಂದೇ ಬಸ್ಸಿನಲ್ಲಿ ಸೇರಬೇಕಾದರೆ ಆಟ ಒಂದು ಸರ್ವರಿನಲ್ಲಿ ಓಡಬೇಕು. ಅದನ್ನು ಬಾಡಿಗೆಗೆ ಹಿಡಿದಿದ್ದರು. ಆ ಯಂತ್ರ ಎಲ್ಲೋ ದೂರದ ಊರಿನಲ್ಲಿ ಇರುತ್ತದೆ. ನಮಗೆ ಕಾಣುವುದು ಅದರ ಒಂದು ಪುಟ ಮಾತ್ರ. ನಿಲ್ಲಿಸುವ ಬಟನ್, ಹೊರಡಿಸುವ ಬಟನ್, ಫೈಲುಗಳನ್ನು ಇಡುವ ಜಾಗ. ಹಗಲು ಕಂಪ್ಯೂಟರಿನ ಮುಂದೆ ಇರುವವಳು ನಾನಾದ್ದರಿಂದ ಪ್ರಕಾಶ ಅದರ ಉಸ್ತುವಾರಿಯನ್ನು ನನಗೆ ಕೊಟ್ಟಿದ್ದ.

ಮೊದಲ ದಿನ ಕಂಡಕ್ಟ್ರು ನನ್ನ ಹೆಗಲ ಹಿಂದೆ ನಿಂತು ನೋಡಿದರು. ಬೇರೆ ದೇಶದ ಗಾಜಿನಂಥ ರಸ್ತೆ. ಜನ ಸಾಲಾಗಿ ನಿಂತು, ಒಬ್ಬರನ್ನೊಬ್ಬರು ಮುಟ್ಟದೆ ಹತ್ತಿ ಕೂತರು.

"ಇದೆಂತ ಬಸ್ ಮಾರಾಯ್ತಿ? ಯಾರೂ ಒಂದ್ ಮಾತಾಡುದಿಲ್ಲೆ. ಯಾರ್ ಮನೆಗೆ ಸೂತಕ?"

"ಅಣ್ಣ, ಇದನ್ನ ಬದ್ಲ್ ಮಾಡುಕಾತ್ತ್" ಎಂದು ಮುಂಬಯಿಯಿಂದ ಪ್ರಕಾಶ ಮೈಕಿನಲ್ಲಿ ಹೇಳಿದ.

ಹಾಗೆ ಬದಲು ಮಾಡುವ ಫೈಲಿಗೆ ಮಾಡ್ ಎನ್ನುತ್ತಾರೆ. ಆಟ ಮಾಡಿದವರು ಕೊಡದ್ದನ್ನು ಆಡುವವರೇ ತಯಾರಿಸಿ ಸೇರಿಸಿಕೊಳ್ಳುವುದು. ಹೊಸ ಬಸ್ಸು, ಹೊಸ ಹಾರ್ನು, ಹೊಸ ರಸ್ತೆ. ಸರ್ವರಿಗೆ ಹಾಕಿದ್ದನ್ನೇ ಆಡುವ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿಗೂ ಹಾಕಿಕೊಳ್ಳಬೇಕು. ಒಂದು ಫೈಲು ಹೆಚ್ಚುಕಮ್ಮಿಯಾದರೆ ಅವರಿಗೆ ಬಸ್ಸಿನ ಬಾಗಿಲೇ ತೆರೆಯುವುದಿಲ್ಲ. ಪ್ರಕಾಶನ ಗೆಳೆಯರು ಮಾಡ್ ತಯಾರಿಸಿ ಕಳುಹಿಸುವರು. ಅದನ್ನು ಸರ್ವರಿಗೆ ಹಾಕುವವರು ನಾನು ಮತ್ತು ಕಂಡಕ್ಟ್ರು.

ಅವರು ಇದನ್ನು ಕಲಿತದ್ದು ತಪ್ಪು ಮಾಡಿಕೊಂಡೇ. ಮಾಡ್ ಬರುವುದು ಜಿಪ್ ಫೈಲಾಗಿ, ಅದನ್ನು ಚೀಲದ ಹಾಗೆ ಬಿಚ್ಚಬೇಕು. ಮೊದಲ ಬಸ್ಸನ್ನು ಹಾಕಿದಾಗ ಬಿಚ್ಚಿದ ಚೀಲದೊಳಗೆ ಅದೇ ಹೆಸರಿನ ಇನ್ನೊಂದು ಚೀಲ ಇತ್ತು. ನಾವು ಹೊರಗಿನದನ್ನೇ ಇಟ್ಟೆವು. ಇಡೀ ಮಧ್ಯಾಹ್ನ ಆಟದ ನಿಲ್ದಾಣದಲ್ಲಿ ಬಸ್ಸೇ ಇಲ್ಲ, ಮುಂಬಯಿಯ ಜನರೆಲ್ಲ ರಸ್ತೆ ಬದಿ ನಿಂತಿದ್ದಾರೆ. "ಡಿಪೋಂದ ಬಂದಿಲ್ಲೆ, ಕಾಯಿನಿ" ಎಂದು ಇವರು ಗಂಭೀರವಾಗಿ ಹೇಳುತ್ತಲೇ ಇದ್ದರು. ಆಮೇಲೆ ಎಲ್ಲಕ್ಕೂ ತಮ್ಮದೇ ಮಾತು ಕೊಟ್ಟುಕೊಂಡರು. ಸರ್ವರ್ ನಿಲ್ಲಿಸದೆ ಮಾಡ್ ಹಾಕಲು ಹೋದರೆ, "ಓಡು ಬಸ್ಸಿಗೆ ಟಯರ್ ಹಾಕುಕಾತ್ತಾ? ನಿಲ್ಸ್ ಮೊದ್ಲ್" ಎನ್ನುವರು. ಹಳೆಯದರ ಒಂದು ನಕಲು ತೆಗೆದಿಡುವುದಕ್ಕೆ ಅವರ ಹೆಸರು ಸ್ಟೆಪ್ನಿ. "ಸ್ಟೆಪ್ನಿ ತಕಂಡ್ಯಾ?" ಎಂದು ಕೇಳದೆ ಅವರು ಯಾವ ಬಟನನ್ನೂ ಒತ್ತಿದವರಲ್ಲ. ನಿಲ್ಲಿಸುವ ಬಟನ್ ಒತ್ತುವ ಮೊದಲು ಮೈಕಿನಲ್ಲಿ "ಇಳೀನಿ, ಇಳೀನಿ, ಬಸ್ ಮುಂದ್ ಹೋತಿಲ್ಲೆ" ಎಂದು ಕೂಗುವರು. ಮುಂಬಯಿಯ ಗಂಡಸರೆಲ್ಲ ಆಟದೊಳಗಿನ ತಮ್ಮ ತಮ್ಮ ಬೊಂಬೆಗಳನ್ನು ನಿಜವಾಗಿ ಇಳಿಸಿ ಬದಿಗೆ ನಿಲ್ಲಿಸುತ್ತಿದ್ದರು. ಹಾಗೆ ಮಾಡುವ ಅಗತ್ಯವೇ ಇರಲಿಲ್ಲ.

ನಿಧಾನಕ್ಕೆ ಆ ಗಾಜಿನ ರಸ್ತೆ ನಮ್ಮದಾಯಿತು. ಬೈಂದೂರು ಬಂತು, ಉಪ್ಪುಂದ ಬಂತು, ತಲ್ಲೂರಿನ ತಿರುವು ಬಂತು. ರಸ್ತೆ ಅಗಲ ಮಾಡುವಾಗ ಹೋದ ಮರಗಳನ್ನೆಲ್ಲ ಕಂಡಕ್ಟ್ರು ಮತ್ತೆ ನೆಡಿಸಿದರು. ಪ್ರಕಾಶ ಉತ್ಸಾಹದಿಂದ ಸಾಸ್ತಾನದ ಟೋಲ್ ಗೇಟನ್ನೂ ಮಾಡಿ ಕಳುಹಿಸಿದ್ದ. "ಆಟದಂಗೂ ಟೋಲಾ? ತೆಗಿ, ತೆಗಿ" ಎಂದು ತೆಗೆಸಿದರು. ನನ್ನ ಅಂಗಡಿಯ ಎದುರು "ಜೆರಾಕ್ಸ್" ಎಂಬ ಬೋರ್ಡು ಮಾತ್ರ ಮರೆಯದೆ ಹಾಕಿಸಿದರು.

ಆಟದ ಬಸ್ಸು ನಿಗದಿಯಾದ ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತದೆ. ಅದು ಅವರಿಗೆ ಸರಿಬರಲಿಲ್ಲ. ಕೈ ಅಡ್ಡ ಹಿಡಿದಲ್ಲಿ ನಿಲ್ಲದಿದ್ದರೆ ಅದು ನಮ್ಮ ದಾರಿಯ ಬಸ್ಸೇ ಅಲ್ಲ ಎಂದರು. ಅದಕ್ಕೂ ಒಂದು ಮಾಡ್ ಬಂತು. ಆ ಭಾನುವಾರ ಎಲ್ಲರೂ ಕಂಡಕಂಡಲ್ಲಿ ಇಳಿದರು, ಹತ್ತು ಮಾರು ನಡೆದು ಮತ್ತೆ ಕೈ ಅಡ್ಡ ಹಿಡಿದರು. ಗಂಗೊಳ್ಳಿಯ ನಾಗೇಶನಂತೂ ಪ್ರತಿ ಮರದ ಬುಡದಲ್ಲೂ ನಿಂತಿರುತ್ತಿದ್ದ. ಅವನು ಬೋಟಿನ ಎಂಜಿನ್ ರಿಪೇರಿಯವನು. ಮಳೆಗಾಲದಲ್ಲಿ ಬೋಟುಗಳನ್ನು ಮೇಲೆ ಕಟ್ಟಿದಾಗ ಅವನಿಗೂ ಕೆಲಸ ಕಮ್ಮಿ, ಹಾಗಾಗಿ ಆಟಕ್ಕೆ ಸೇರಿದ್ದ. ಮಧ್ಯಾಹ್ನ ಶಿರೂರು ಬಿಟ್ಟ ಬಸ್ಸು ದೀಪ ಹಚ್ಚುವ ಹೊತ್ತಿಗೂ ಬೈಂದೂರು ಮುಟ್ಟಲಿಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಕಂಡಕ್ಟ್ರು ಬೆವರು ಒರೆಸಿಕೊಂಡು, "ಈಗ ಸಮ ಆಯ್ತ್ ಕಾಣ್" ಎಂದರು. ಅವರ ಮುಖದಲ್ಲಿ ಅಂಥ ಸುಖವನ್ನು ನಾನು ನೋಡಿರಲಿಲ್ಲ.

ಇಂಥ ಹೊತ್ತಿನಲ್ಲೆಲ್ಲ ಓಣಿಯಿಂದ ಅವರ ಹೆಂಡತಿಯ ದನಿ ಕೇಳುವುದು. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಹ್ವಾಯ್! ಇಲ್ದಿದ್ದ್ ಬಸ್ಸಿಗೆ ಇಲ್ದಿದ್ದ್ ಜನ ಹತ್ಸೂದ್ ಸಾಕ್! ಇಲ್ಲಿ ಇದ್ದ್ ಮೀನ್ ಸಾರ್ ತಣಿತಾ ಇತ್ತ್!"

"ಕೋಟದಂಗಿದ್ದೆ, ಈಗ ಬತ್ತೆ!" ಎಂದು ಇವರು, ಬಸ್ಸು ಇನ್ನೂ ಒಂದು ಊರು ಹಿಂದೆ ಇದೆ ಎನ್ನುವ ಹಾಗೆ, ಇಲ್ಲಿಂದಲೇ ಕೂಗುವರು.

ಬೈರಾಸಿನ ಮಾಡ್ ಅವರದೇ ಆಸೆ. ಆಟದಲ್ಲಿ ಸಾಮಾನು ಇಡುವ ಮಾಡ್ ಒಂದಿತ್ತು. ಪ್ರಕಾಶನ ಗೆಳೆಯರು ಅದನ್ನೇ ತಿದ್ದಿ, ಸೀಟಿನ ಮೇಲೆ ಬೈರಾಸು ಹಾಕುವ ಹಾಗೆ ಮಾಡಿದರು. ಹಾಕಿದವರ ಹೆಸರು ಬೈರಾಸಿನ ಮೇಲೆ ಕಾಣುತ್ತದೆ, ಹಾಕಿದವರೇ ತೆಗೆಯಬೇಕು. ಬೈರಾಸಿನ ಚಿತ್ರ ಬೇಕಲ್ಲ? ಕಂಡಕ್ಟ್ರು ಹೆಗಲ ಮೇಲಿದ್ದ ಕೆಂಪು ಅಂಚಿನ ಬೈರಾಸನ್ನು ತೆಗೆದು ನನ್ನ ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಹಾಸಿದರು. ಮುಚ್ಚಳ ಮುಚ್ಚಲಿಲ್ಲ. ಇಬ್ಬರೂ ಸೇರಿ ಒತ್ತಿ ಹಿಡಿದೆವು. ಆಧಾರ್ ಕಾರ್ಡ್ ಜೆರಾಕ್ಸಿಗೆ ಬಂದವರೊಬ್ಬರು ಬಾಗಿಲಲ್ಲೇ ನಿಂತು, "ಬೈರಾಸಿಗೂ ಆಧಾರ್ ಲಿಂಕ್ ಮಾಡ್ಕಾ?" ಎಂದು ಕೇಳಿದರು.

ಮಾಡ್ ಹಾಕಿ ಹೊರಡಿಸಿದ ದಿನ ಶಿರೂರಿನಲ್ಲಿ ಎಲ್ಲರೂ ಒಂದೇ ಸಲಕ್ಕೆ ಕಿಟಕಿಗೆ ನುಗ್ಗಿದರು. ಒಬ್ಬೊಬ್ಬ ಮೂರು ನಾಲ್ಕು ಬೈರಾಸು ಹಾಕಿದ. ಸೀಟೆಲ್ಲ ತುಂಬಿತು, ಕೂರಲು ಒಬ್ಬನಿಗೂ ಜಾಗವಿಲ್ಲ. ಕೆಂಪು ಅಂಚಿನ ಬೈರಾಸುಗಳು ಸುಖವಾಗಿ ಕೂತು, ಜನರೆಲ್ಲ ನಿಂತು, ಆ ಬಸ್ಸು ಉಪ್ಪುಂದದ ತನಕ ಹೋಯಿತು. "ಮುಂದ್ ಹೋಯ್ನಿ, ಮುಂದ್ ಹೋಯ್ನಿ, ಮಧ್ಯ ಕಬಡ್ಡಿ ಆಡುವಷ್ಟ್ ಜಾಗ ಇತ್ತ್!" ಎಂದು ಕಂಡಕ್ಟ್ರು ಕಪಾಟು ಹಿಡಿದು ಕೂಗುತ್ತಿದ್ದರೆ ನಾನು ನಗುವನ್ನು ತಡೆಯಲಾಗದೆ ಪ್ರಿಂಟರಿನ ಮೇಲೆ ತಲೆ ಇಟ್ಟುಕೊಂಡೆ.

ಮರವಂತೆಯಲ್ಲಿ ಒಂದು ಸಂಗತಿ ನಡೆಯಿತು. ಅಲ್ಲಿ ಶಿರೂರಿನಿಂದ ಬರುವಾಗ ರಸ್ತೆಯ ಬಲಬದಿ ಸಮುದ್ರ, ಎಡಬದಿ ಹೊಳೆ. ಪ್ರಕಾಶ ಅವೆರಡನ್ನೂ ಅದಲುಬದಲು ಮಾಡಿದ್ದ. ನಾಗೇಶ ಕೆರಳಿದ. "ಏ ಪ್ರಕಾಶ, ಮುಂಬಯ್ಗ್ ಹೋಯಿ ಸಮುದ್ರ ಯಾವ್ ಬದಿಗೆ ಅಂಬುದೇ ಮರ್ತ್ಯಾ? ಕಂಡಕ್ಟ್ರೇ, ಹೇಳಿ ಅವಂಗೆ."

ಕಂಡಕ್ಟ್ರು ತಡೆದು ಹೇಳಿದರು. "ಬದಿ ನೀ ಹೇಳಿದ್ದೇ ಸಮ. ಆರೆ ಸಮುದ್ರ ಹ್ಯಾಂಗಿತ್ತ್ ಅಂತ ನನ್ನ್ ಕೇಳ್ಬೇಡಿ. ನಾವುಂದದಂಗ್ ಜನ ಹತ್ತುದ್. ಅವ್ರಿಗ್ ಟಿಕೆಟ್ ಕೊಟ್ ಮುಗಿವತಿಗೆ ತ್ರಾಸಿ. ನಂಗ್ ಬೆನ್ನಿಗೆ ಗಾಳಿ ಹೊಡ್ದದ್ದಷ್ಟೇ ಗೊತ್ತ್."

ನಾವುಂದಕ್ಕೂ ತ್ರಾಸಿಗೂ ನಡುವೆಯೇ ಮರವಂತೆ. ಅಷ್ಟು ವರ್ಷ ದಿನವೂ ಅದನ್ನು ದಾಟಿದ ಮನುಷ್ಯ. ಅವರೇ ನಕ್ಕು ಮುಂದುವರಿಸಿದರು. "ಒಂದ್ ಸಲ ಕೂಕಂಡ್ ಕಾಣ್ಕ್ ಮಾರಾಯ್ರೆ. ಬಪ್ಪು ಐತ್ವಾರ ಕಂಡಕ್ಟ್ರಿಕೆ ನಾಗೇಶ ಮಾಡ್ಲಿ. ನಾನ್ ಪ್ಯಾಸೆಂಜರ್." ಬಸ್ಸು ಬ್ರಹ್ಮಾವರ ಮುಟ್ಟಿ ಖಾಲಿಯಾದ ಮೇಲೆ, ಡ್ರೈವರ್ ಹಿಂದಿನ ಕಿಟಕಿ ಸೀಟಿಗೆ ಒಂದು ಬೈರಾಸು ಹಾಕಿದರು. ಅದರ ಮೇಲೆ ಅವರ ಆಟದ ಹೆಸರು ಮೂಡಿತು. ಕಂಡಕ್ಟ್ರು.

ಆ ವಾರವೇ ಅವರು ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಮಂಚದ ಸುತ್ತ ನೆಂಟರು ಗುಂಪುಗಟ್ಟಿದ್ದರು. "ಮುಂದ್ ಹೋಯ್ನಿ, ಹಿಂದ್ ಇದ್ದರಿಗೂ ಜಾಗ ಬಿಡಿ" ಎಂದು ಮಲಗಿದಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಿದರು. ನರ್ಸ್ ಸಹ ನಕ್ಕರು. ನನಗೆ ಅವರು ಹೇಳಿದ ಕೊನೆಯ ಮಾತು "ಐತ್ವಾರಕ್ಕೆ ಬತ್ತೆ" ಎಂದು.

ಬರಲಿಲ್ಲ.

ಮಳೆಗಾಲವಿಡೀ ಬಸ್ಸು ಭಾನುವಾರ ಭಾನುವಾರ ಓಡಿತು. ಅಂಗಡಿಯ ಕಂಪ್ಯೂಟರಿನಿಂದ ಆಟದೊಳಗೆ ಹೋಗುತ್ತಿದ್ದವರು ಅವರೊಬ್ಬರೇ. ನಾನು ಹೋಗಲಿಲ್ಲ, ಹೊರಗಿನಿಂದ ಸರ್ವರನ್ನು ನೋಡಿಕೊಂಡೆ. ಡ್ರೈವರ್ ಹಿಂದಿನ ಕಿಟಕಿಯಲ್ಲಿ ಆ ಬೈರಾಸು ಹಾಗೆಯೇ ಇದೆ ಎಂದು ಪ್ರಕಾಶ ಹೇಳುತ್ತಿದ್ದ. ಎಷ್ಟು ನೂಕುನುಗ್ಗಲಾದರೂ ಆ ಸೀಟನ್ನು ಯಾರೂ ಮುಟ್ಟುತ್ತಿರಲಿಲ್ಲವಂತೆ.

ಮಳೆ ಬಿಡುವ ಹೊತ್ತಿಗೆ ಆಟದ ಕಂಪನಿಯವರು ಹೊಸ ಆವೃತ್ತಿ ಬಿಟ್ಟರು. ಎಲ್ಲರ ಕಂಪ್ಯೂಟರಿನಲ್ಲಿ ಆಟ ತಾನಾಗಿಯೇ ಬದಲಾಯಿತು. ನಮ್ಮ ಸರ್ವರ್ ಹಳೆಯದರಲ್ಲೇ ಉಳಿದು, ಯಾರಿಗೂ ಒಳಗೆ ಹೋಗಲು ಆಗಲಿಲ್ಲ. ನಾನು ಸರ್ವರನ್ನೂ ಹೊಸದಕ್ಕೆ ಏರಿಸಿ, ಹೊಸ ಮಾಡುಗಳನ್ನು ಒಂದೊಂದಾಗಿ ಹಾಕಿದೆ. ರಸ್ತೆ ಸರಿ, ಮರವಂತೆಯ ಸಮುದ್ರವೂ ಈಗ ಸರಿಯಾದ ಬದಿಗೆ, ಬಸ್ಸು ಸರಿ, ಕೈ ಅಡ್ಡ ಹಿಡಿಯುವುದೂ ಸರಿ. ಆದರೆ ಹೊರಡಿಸಿದ ಕೂಡಲೇ ಸರ್ವರ್ ಬಿದ್ದುಹೋಗುತ್ತಿತ್ತು. ಕಾರಣ ಪುಟದ ಕೆಳಗೇ ಬರೆದಿತ್ತು. ಉಳಿಸಿಟ್ಟ ಆಟದಲ್ಲಿ ಹಳೆಯ ಮಾಡಿನ ಒಂದು ವಸ್ತು ಇದೆ, ಅದು ಹೊಸದಕ್ಕೆ ಗುರುತು ಸಿಗುತ್ತಿಲ್ಲ. ಉಳಿದವರೆಲ್ಲ ತಮ್ಮ ಬೈರಾಸುಗಳನ್ನು ಇಳಿಯುವಾಗಲೇ ತೆಗೆದಿದ್ದರು. ಇದ್ದದ್ದು ಅವರದೊಂದೇ.

"ಅಕ್ಕ, ಅದನ್ನ್ ತೆಗೀದಿದ್ರೆ ಬಸ್ ಹೊರಡ್ತಿಲ್ಲೆ" ಎಂದು ಪ್ರಕಾಶ ಫೋನಿನಲ್ಲಿ ನನಗೆ ಹೇಳಿದ.

ನಾಗೇಶ ಒಪ್ಪಲಿಲ್ಲ. "ಬಸ್ ಹೊರಡ್ದಿದ್ರೆ ಬ್ಯಾಡ. ಅವ್ರ್ ಒಂದ್ ಸಲ ಕೂಕಣ್ಕ್ ಅಂದದ್ದ್. ಆ ಸೀಟ್ ಖಾಲಿ ಮಾಡುಕೆ ನಾವ್ ಯಾರ್?"

ಇಬ್ಬರ ಮಾತೂ ನನಗೆ ಸರಿ ಕಂಡಿತು. ಬೈರಾಸು ಉಳಿಸಿದರೆ ಆ ದಾರಿ, ಮರಗಳು, ಜೆರಾಕ್ಸ್ ಎಂಬ ಬೋರ್ಡು, ಅವರು ಕಟ್ಟಿಸಿದ್ದೆಲ್ಲ ಯಾರೂ ಕಾಲಿಡದೆ ಬಿದ್ದಿರುತ್ತದೆ. ತೆಗೆದರೆ ಅವರು ಹಿಡಿದಿಟ್ಟ ಜಾಗ ಹೋಗುತ್ತದೆ. ಮುಂದಿನ ಭಾನುವಾರ ಊಟದ ಮೇಲೆ ಸರ್ವರ್ ನಿಲ್ಲಿಸಿದೆ. ಸ್ಟೆಪ್ನಿ ತೆಗೆದೆ. ಉಳಿಸಿಟ್ಟ ಆಟದ ಫೈಲು ತೆರೆದು, ಅವರ ಹೆಸರಿದ್ದ ಬೈರಾಸಿನ ಸಾಲಿನ ಎದುರು ಕೂತೆ. ಅಳಿಸಲಾಗಲಿಲ್ಲ.

ಆಗ ಅಕ್ಕ ಬಂದರು. ಕೈಯಲ್ಲಿ ಒಂದು ಪಾತ್ರೆ, ಬಿಸಿ ಕಡುಬು. ಪಾತ್ರೆಯನ್ನು ಕಟ್ಟಿ ತಂದದ್ದು ಅದೇ ಕೆಂಪು ಅಂಚಿನ ಬೈರಾಸಿನಲ್ಲಿ.

"ಎಂತ ಹೆಣ್ಣೆ, ಮೋರೆ ಹೀಂಗ್ ಮಾಡ್ಕಂಡಿದ್ದಿ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ನಿಂತು ಕೇಳಿದರು.

"ಆ ಬೈರಾಸ್ ಹಾಕಿದ್ ಮೇಲೆ ಬಸ್ ಹೊರಟಿತ್ತಾ, ಇಲ್ಯಾ?"

"ಹೊರಟಿತ್ ಅಕ್ಕ. ಮಳೆಗಾಲ ಇಡೀ ಓಡಿತ್."

"ಮತ್ತೆಂತಕೆ ಕೂಕಂಡಿದ್ದಿ? ಹೊರಟ ಮೇಲೆ ಬೈರಾಸಿಗೆ ಸೀಟ್ ಇಲ್ಲೆ ಅಂತ ಇವ್ರ್ ಊರಿಗೆಲ್ಲ ಹೇಳಿದ್ದಲ್ದಾ? ಇವ್ರಿಗೊಂದ್ ಬೇರೆ ಕಾನೂನಾ? ತೆಗಿ. ಆ ಸೀಟಂಗ್ ನಾನ್ ಕೂಕಂತೆ."

ಪಾತ್ರೆಯ ಗಂಟು ಬಿಚ್ಚಿದರು. ಬೈರಾಸನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ ಚೆಂದ ಮಡಚಿದರು. ನಾನು ಆ ಸಾಲನ್ನು ಅಳಿಸಿದೆ. ಹೊರಡಿಸುವ ಬಟನ್ ಒತ್ತಿದೆ. ಸರ್ವರ್ ಎದ್ದಿತು. ಬೀಳಲಿಲ್ಲ.

ಕುರ್ಚಿ ಎಳೆದು ಅಕ್ಕನನ್ನು ಕೂರಿಸಿ, ಆಟ ತೆರೆದು ಡ್ರೈವರ್ ಹಿಂದಿನ ಕಿಟಕಿಗೆ ಒಯ್ದು ಬಿಟ್ಟೆ. ಆ ಕಂಪ್ಯೂಟರಿನಲ್ಲಿ ಇದ್ದದ್ದು ಕಂಡಕ್ಟ್ರ ಆಟದ ಹೆಸರೊಂದೇ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಹೆಡ್‌ಫೋನಿನಲ್ಲಿ ಎಂದಿನ ಗದ್ದಲ. ಅದರ ಮೇಲೆ ನಾಗೇಶನ ದನಿ ಎದ್ದಿತು.

"ಹ್ವಾಯ್ ಪ್ರಕಾಶ, ಇಲ್ಲಿ ಕಾಣಾ. ಕಂಡಕ್ಟ್ರು ಕೂಕಂಡಿದ್ರ್!"

ಅಕ್ಕ ಅದನ್ನು ಕೇಳಿಸಿಕೊಳ್ಳಲಿಲ್ಲ. ಬಸ್ಸು ಹೊರಟಿತು. ನಾವುಂದ ದಾಟಿದ ಮೇಲೆ ಬಲಗಡೆ ಸಮುದ್ರ ತೆರೆದುಕೊಂಡಿತು. ಮಡಚಿದ ಬೈರಾಸನ್ನು ಮಡಿಲಲ್ಲಿ ಇಟ್ಟುಕೊಂಡು, ಪರದೆಗೆ ಮುಖ ಹತ್ತಿರ ತಂದು, ತ್ರಾಸಿಯ ತನಕ ಕಣ್ಣು ಕೀಳದೆ ನೋಡಿದರು.

"ಅಕ್ಕ, ಎಲ್ಲಿ ಇಳಿತ್ರಿ?" ಎಂದು ಕೇಳಿದೆ.

"ಈಗ್ಲೇ ಎಂತಕೆ ಇಳ್ಸ್ತಿ? ಬ್ರಹ್ಮಾವರ ಮುಟ್ಲಿ. ತಿರ್ಗಿ ಬಪ್ಪತಿಗೆ ಸಮುದ್ರ ಎಡದ್ ಬದಿಗೆ ಬತ್ತ್ ಅಲ್ದಾ? ಆ ಬದಿ ಕಿಟ್ಕಿಗೆ ಈಗ್ಲೇ ಒಂದ್ ಬೈರಾಸ್ ಹಾಕಿಡ್."

ಹಾಕಿದೆ. ಅದರ ಮೇಲೆ ಹೆಸರು ಮೂಡಿತು. ಕಂಡಕ್ಟ್ರು.